ಮದ್ದು ಹಾಕಿದವರು ಯಾರು?



ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಕಡೆ ಒಂದು ಮಾತಿದೆ. ಎಲ್ಲರೂ ಕೇಳಿರುವ ಮಾತು. ಆದರೆ ಗಟ್ಟಿಯಾಗಿ ಯಾರೂ ಆಡುವುದಿಲ್ಲ. ಕಿವಿಯಲ್ಲಿ ಹೇಳುತ್ತಾರೆ.

"ಆ ಮನೇಲಿ ಊಟ ಮಾಡಬ್ಯಾಡ ಕಣವ್ವ. ಅವಳು ಮದ್ದು ಹಾಕ್ತಾಳಂತೆ."

ಇಷ್ಟೇ ಮಾತು. ಈ ಒಂದು ಮಾತು ಒಬ್ಬ ಹೆಂಗಸಿನ ಬಾಳನ್ನೇ ಕೆಡಿಸುತ್ತದೆ. ಕಾಯಿಲೆ ಬಿದ್ದವರ ಜೀವವನ್ನೂ ತೆಗೆಯಬಹುದು. ಆದ್ದರಿಂದ ಈ ಪಾಠದಲ್ಲಿ ಈ ಮಾತನ್ನು ಬಿಡಿಸಿ ನೋಡೋಣ.

ಮದ್ದು ಅಂದರೆ ಏನು?

ಮದ್ದು ಅಂದರೆ ಔಷಧಿ. ಇದು ಒಳ್ಳೆಯ ಪದ. ಆದರೆ ನಮ್ಮ ಕಡೆ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಕೆಲವರು ಅದನ್ನು ಕೈಮದ್ದು ಅಂತಾರೆ. ಕೆಲವರು ಇಡುಮದ್ದು ಅಂತಾರೆ.

ಯಾರೋ ಊಟದಲ್ಲಿ ಏನೋ ಬೆರೆಸಿ ಕೊಡುತ್ತಾರಂತೆ. ಅದು ಹೊಟ್ಟೆಯಲ್ಲಿ ಕೂತು ಬೆಳೆಯುತ್ತದಂತೆ. ತಿಂದವರಿಗೆ ಅನ್ನ ಸೇರುವುದಿಲ್ಲವಂತೆ. ದಿನದಿನಕ್ಕೂ ಸೊರಗುತ್ತಾರಂತೆ. ಆಸ್ಪತ್ರೆಯ ಔಷಧಿ ಅದಕ್ಕೆ ನಾಟುವುದಿಲ್ಲವಂತೆ.

ಎಷ್ಟು ಸಲ 'ಅಂತೆ' ಬಂತು? ಎಣಿಸಿ ನೋಡಿ. ಐದು ವಾಕ್ಯದಲ್ಲಿ ಐದು ಸಲ ಬಂದಿದೆ. ಬೆರೆಸಿದ್ದನ್ನು ಕಂಡವರು ಯಾರು ಅಂತ ಕೇಳಿ. "ನಾನು ಕಾಣೆ, ಅವರು ಹೇಳಿದರು" ಅಂತಾರೆ. ಅವರನ್ನು ಕೇಳಿದರೆ ಇನ್ನೊಬ್ಬರ ಹೆಸರು ಹೇಳುತ್ತಾರೆ. ಕೊನೆಗೆ ಕಂಡವರು ಯಾರೂ ಸಿಗುವುದಿಲ್ಲ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅನ್ನುವ ಗಾದೆ ನಮ್ಮದೇ. ಕಣ್ಣಾರೆ ಕಂಡದ್ದನ್ನೇ ಎರಡು ಸಲ ನೋಡಬೇಕು ಅಂತ ಹಿರಿಯರು ಹೇಳಿದರು. ಹಾಗಾದರೆ ಕಾಣದೇ ಇದ್ದುದನ್ನು ಎಷ್ಟು ಸಲ ನೋಡಬೇಕು?

ಈ ಹೆಸರು ಯಾರ ಮೇಲೆ ಬೀಳುತ್ತದೆ?

ಇದನ್ನು ಚೆನ್ನಾಗಿ ಯೋಚನೆ ಮಾಡಿ. ಊರಿನ ಸಾಹುಕಾರರ ಮನೆಯವರ ಮೇಲೆ ಈ ಹೆಸರು ಬೀಳುವುದು ಅಪರೂಪ. ಗಂಡ ಸತ್ತು ಒಂಟಿಯಾದವಳ ಮೇಲೆ ಬೀಳುತ್ತದೆ. ಮಕ್ಕಳಿಲ್ಲದವಳ ಮೇಲೆ ಬೀಳುತ್ತದೆ. ವಯಸ್ಸಾದ ಮುದುಕಿಯ ಮೇಲೆ ಬೀಳುತ್ತದೆ. ಬೇರೆ ಊರಿಂದ ಬಂದು ನೆಲೆ ನಿಂತವಳ ಮೇಲೆ ಬೀಳುತ್ತದೆ. ನಾರು ಬೇರು ತಿಳಿದವಳ ಮೇಲೆ ಬೀಳುತ್ತದೆ. ಎದುರು ಮಾತಾಡುವವಳ ಮೇಲೂ ಬೀಳುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಹೆಂಗಸಿಗೆ ಗಂಡ ತೀರಿಹೋಗಿದ್ದಾನೆ. ಅವಳ ಹೆಸರಲ್ಲಿ ಒಂದು ಎಕರೆ ಜಮೀನಿದೆ. ದಾಯಾದಿಗಳಿಗೆ ಆ ಜಮೀನಿನ ಮೇಲೆ ಕಣ್ಣು. ಅದೇ ವರ್ಷ ದಾಯಾದಿ ಮನೆಯ ಹುಡುಗನಿಗೆ ವಾಂತಿ ಶುರುವಾಯಿತು. "ಅವಳ ಮನೇಲಿ ಹಬ್ಬದ ಊಟ ಮಾಡಿದ್ದ" ಅಂತ ಯಾರೋ ಅಂದರು. ಸಾಕು, ಮಾತು ಹುಟ್ಟಿತು.

ಆಮೇಲೆ ಏನಾಗುತ್ತದೆ? ಅವಳ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಮದುವೆ ಮನೆಯಲ್ಲಿ ಅಡಿಗೆಗೆ ಅವಳನ್ನು ಕರೆಯುವುದಿಲ್ಲ. ಮುಯ್ಯಾಳಿಗೆ ಸೇರಿಸುವುದಿಲ್ಲ. ಮಕ್ಕಳು ಅವಳನ್ನು ಕಂಡರೆ ಓಡುತ್ತವೆ. ಅವಳ ಮಗಳಿಗೆ ಗಂಡು ಸಿಗುವುದಿಲ್ಲ. "ತಾಯಿಯಿಂದ ಮಗಳೂ ಕಲಿತಿರ್ತಾಳೆ" ಅಂತಾರೆ. ಕೊನೆಗೆ ಅವಳು ಜಮೀನು ಬಿಟ್ಟು ತವರಿಗೆ ಹೋಗುತ್ತಾಳೆ.

ಈಗ ಹೇಳಿ. ಆ ಮಾತಿನಿಂದ ಲಾಭ ಯಾರಿಗಾಯಿತು? ಹುಡುಗನ ವಾಂತಿ ನಿಂತಿತೇ?

ಬೇರೆ ದೇಶದಲ್ಲೂ ಹೀಗೇ ಇತ್ತು

ಇದು ನಮ್ಮ ಊರಿನ ಕತೆ ಮಾತ್ರ ಅಂದುಕೊಳ್ಳಬೇಡಿ. ಯೂರೋಪ್ ದೇಶಗಳಲ್ಲಿ ಸುಮಾರು 1450ರಿಂದ 1750ರವರೆಗೆ, ಮುನ್ನೂರು ವರ್ಷ, 'ಮಾಟಗಾತಿ' ಅಂತ ಜನರನ್ನು ಹಿಡಿದು ಕೊಂದರು. ಸತ್ತವರು 40 ಸಾವಿರದಿಂದ 60 ಸಾವಿರ ಜನ ಅಂತ ಇತಿಹಾಸ ಬಲ್ಲವರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು.

ಬೆಳೆ ಕೆಟ್ಟರೆ ಮಾಟಗಾತಿ ಕಾರಣ ಅಂದರು. ಹಸು ಹಾಲು ಕೊಡದಿದ್ದರೆ ಅವಳೇ ಕಾರಣ ಅಂದರು. ಮಗು ಸತ್ತರೂ ಅವಳೇ ಕಾರಣ ಅಂದರು. ಹಿಡಿದು ಹಿಂಸೆ ಕೊಟ್ಟರು. ನೋವು ತಡೆಯಲಾರದೆ ಆ ಹೆಂಗಸರು "ಹೌದು, ನಾನೇ ಮಾಡಿದೆ" ಅಂತ ಒಪ್ಪಿಕೊಂಡರು. "ನಿನ್ನ ಜೊತೆ ಇನ್ನು ಯಾರಿದ್ದರು?" ಅಂತ ಮತ್ತೆ ಹಿಂಸೆ ಕೊಟ್ಟರು. ಅವರು ನೆರೆಮನೆಯವರ ಹೆಸರು ಹೇಳಿದರು. ಹೀಗೆ ಒಬ್ಬರಿಂದ ಹತ್ತು ಜನ ಸಿಕ್ಕಿಬಿದ್ದರು.

ಕೆಲವು ಕಡೆ ನೀರಿನ ಪರೀಕ್ಷೆ ಮಾಡುತ್ತಿದ್ದರು. ಹೆಂಗಸಿನ ಕೈಕಾಲು ಕಟ್ಟಿ ನೀರಿಗೆ ಹಾಕುವುದು. ತೇಲಿದರೆ ಮಾಟಗಾತಿ. ಮುಳುಗಿದರೆ ತಪ್ಪಿಲ್ಲದವಳು. ಎಂಥ ನ್ಯಾಯ ನೋಡಿ!

ಸ್ವಿಜರ್ಲೆಂಡ್ ದೇಶದ ಗ್ಲಾರಸ್ ಎಂಬಲ್ಲಿ ಆನ್ನಾ ಗೋಲ್ಡಿ ಎಂಬ ಹೆಂಗಸು ಇದ್ದಳು. ದೊಡ್ಡವರ ಮನೆಯಲ್ಲಿ ಮನೆಕೆಲಸ ಮಾಡುತ್ತಿದ್ದಳು. ಆ ಮನೆಯ ಮಗಳು ಕುಡಿಯುವ ಹಾಲಿನಲ್ಲಿ ಸೂಜಿ ಸಿಕ್ಕಿತು ಅಂದರು. ಮಗು ಸೂಜಿ ವಾಂತಿ ಮಾಡಿತು ಅಂತಲೂ ಅಂದರು. ಆನ್ನಾಳನ್ನು ಹಿಡಿದು ಹಿಂಸೆ ಕೊಟ್ಟು ಒಪ್ಪಿಸಿದರು. 1782ರಲ್ಲಿ ಅವಳ ತಲೆ ಕಡಿದರು. ತೀರ್ಪಿನಲ್ಲಿ ಅವಳನ್ನು 'ವಿಷ ಹಾಕಿದವಳು' ಅಂತ ಬರೆದರು.

ನಮ್ಮ ಕಡೆಯ 'ಮದ್ದು ಹಾಕಿದವಳು' ಎಂಬ ಮಾತು ನೆನಪಾಯಿತೇ? ಎರಡೂ ಒಂದೇ ಮಾತು.

2008ರಲ್ಲಿ ಗ್ಲಾರಸ್‌ನ ಶಾಸನ ಸಭೆ "ಆನ್ನಾ ತಪ್ಪು ಮಾಡಿರಲಿಲ್ಲ" ಅಂತ ಘೋಷಣೆ ಮಾಡಿತು. ಅವಳು ಸತ್ತು 226 ವರ್ಷ ಆಗಿತ್ತು. ಹೋದ ಜೀವ ಬರಲಿಲ್ಲ.

ನಮ್ಮ ದೇಶದಲ್ಲಿ

ಬಿಹಾರ, ಜಾರ್ಖಂಡ್ ಕಡೆ ಇಂಥ ಹೆಂಗಸರನ್ನು 'ಡಾಯನ್' ಅಂತಾರೆ. ಈ ಹೆಸರಿನಲ್ಲಿ ಕೊಲೆಗಳೇ ಆಗಿವೆ. ಸರ್ಕಾರದ ಅಪರಾಧ ದಾಖಲೆಗಳ ಲೆಕ್ಕದಂತೆ, 2000ದಿಂದ 2016ರವರೆಗೆ ನಮ್ಮ ದೇಶದಲ್ಲಿ 2,500ಕ್ಕೂ ಹೆಚ್ಚು ಜನ ಹೀಗೆ ಸತ್ತಿದ್ದಾರೆ. ಬಿಹಾರದಲ್ಲಿ 1999ರಲ್ಲೇ ಇದರ ವಿರುದ್ಧ ಕಾಯ್ದೆ ಬಂತು.

ಜಾರ್ಖಂಡ್‌ನ ಛುಟ್ನಿ ದೇವಿ ಎಂಬ ಹಳ್ಳಿ ಹೆಂಗಸಿಗೆ 1995ರಲ್ಲಿ ಈ ಹೆಸರು ಕಟ್ಟಿದರು. ಹೊಡೆದರು, ಅವಮಾನ ಮಾಡಿದರು. ಅವರು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು. ಆದರೆ ಸುಮ್ಮನೆ ಕೂರಲಿಲ್ಲ. ತಮ್ಮಂತೆಯೇ ನೊಂದ ಹೆಂಗಸರ ಬೆನ್ನಿಗೆ ನಿಂತರು.

ಅಸ್ಸಾಂನಲ್ಲಿ ಬೀರುಬಾಲಾ ರಾಭಾ ಎಂಬ ತಾಯಿ ಇದ್ದರು. 1985ರಲ್ಲಿ ಅವರ ದೊಡ್ಡ ಮಗನಿಗೆ ಕಾಯಿಲೆ ಬಂತು. ಮಂತ್ರ ಹಾಕುವವರ ಹತ್ತಿರ ಹೋದರು. "ಇವನು ಉಳಿಯೋದಿಲ್ಲ, ಬೇಗ ಸಾಯುತ್ತಾನೆ" ಅಂದರು. ಅವರು ಹೇಳಿದ ದಿನ ಕಳೆಯಿತು. ಮಗ ಸಾಯಲಿಲ್ಲ. ಆಗ ಆ ತಾಯಿಗೆ ಯೋಚನೆ ಬಂತು. ಇವರ ಮಾತು ಇಲ್ಲೇ ಸುಳ್ಳಾದರೆ, ಹೆಂಗಸರ ಮೇಲೆ ಇವರು ಹೇಳುವ ಮಾತು ಹೇಗೆ ನಿಜವಾದೀತು? ಅಲ್ಲಿಂದ ಅವರು ಹಳ್ಳಿ ಹಳ್ಳಿಗೆ ಹೋಗಿ ಹೆಂಗಸರನ್ನು ಕಾಪಾಡಿದರು. ಅಸ್ಸಾಂ ಶಾಸನ ಸಭೆ 2015ರಲ್ಲಿ ಇದರ ವಿರುದ್ಧ ಕಾಯ್ದೆ ಒಪ್ಪಿತು. ಅದರ ಹಿಂದೆ ಈ ತಾಯಿಯ ಹೋರಾಟ ಇತ್ತು. ಅವರು 2024ರಲ್ಲಿ ತೀರಿಕೊಂಡರು.

ಈ ಇಬ್ಬರು ಹಳ್ಳಿ ಹೆಂಗಸರಿಗೂ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ನಮ್ಮ ಕರ್ನಾಟಕದಲ್ಲಿ ಕಲಬುರಗಿ, ಬೀದರ್ ಕಡೆ 'ಭಾನಾಮತಿ' ಎಂಬ ಮಾತಿದೆ. ಹೆಂಗಸರು ಇದ್ದಕ್ಕಿದ್ದಂತೆ ಕೂಗಾಡುವುದು, ಮನೆ ಮೇಲೆ ಕಲ್ಲು ಬೀಳುವುದು, ಬಟ್ಟೆಗೆ ಬೆಂಕಿ ಹತ್ತುವುದು, ಇದಕ್ಕೆಲ್ಲ ಭಾನಾಮತಿ ಕಾರಣ ಅನ್ನುತ್ತಿದ್ದರು. ಮಾಡಿಸಿದವರು ಇವರೇ ಅಂತ ಯಾರನ್ನೋ ಹಿಡಿದು ಹೊಡೆಯುತ್ತಿದ್ದರು. ಮನೋವೈದ್ಯರು ಹೇಳುವುದು ಬೇರೆ. ಯಾರ ಹತ್ತಿರವೂ ಹೇಳಿಕೊಳ್ಳಲಾಗದ ದುಃಖ ಹೀಗೆ ಕೂಗಾಗಿ ಹೊರಗೆ ಬರುತ್ತದೆ. ಕಲ್ಲು ಎಸೆಯುವುದು, ಬೆಂಕಿ ಹಚ್ಚುವುದು ಮನುಷ್ಯರದೇ ಕೈ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಹೆಚ್. ನರಸಿಂಹಯ್ಯ ಅವರ ಹೆಸರು ನೀವು ಕೇಳಿರಬಹುದು. ಅವರು ಗೌರಿಬಿದನೂರು ಕಡೆಯ ಬಡ ಮನೆಯಲ್ಲಿ ಹುಟ್ಟಿದವರು. ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷೆ ಮಾಡಲು 1976ರಲ್ಲಿ ಒಂದು ಸಮಿತಿ ಮಾಡಿದರು. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬಾರದು ಅನ್ನುವುದು ಅವರ ನಿಲುವು. ಪ್ರಶ್ನೆ ಮಾಡುವುದಕ್ಕೆ ದೊಡ್ಡ ಓದು ಬೇಕಾಗಿಲ್ಲ. ಬೀರುಬಾಲಾ ಅವರೂ ಹೆಚ್ಚು ಓದಿದವರಲ್ಲ.

ಕಾಯಿಲೆ ಎಲ್ಲಿಂದ ಬಂತು?

"ಹಾಗಾದರೆ ಮನುಷ್ಯ ಸೊರಗೋದು ಸುಳ್ಳಾ?" ಅಂತ ನೀವು ಕೇಳಬಹುದು. ಸೊರಗುವುದು ನಿಜ. ವಾಂತಿಯೂ ನಿಜ. ಕಾರಣ ಮಾತ್ರ ಬೇರೆ.

ನಮ್ಮ ಹೊಲದಿಂದಲೇ ಶುರು ಮಾಡೋಣ. ಹುಣಸೂರು, ಪಿರಿಯಾಪಟ್ಟಣ, ಹೆಚ್.ಡಿ. ಕೋಟೆ ಅಂದರೆ ಹೊಗೆಸೊಪ್ಪಿನ ಸೀಮೆ. ಮಳೆಗಾಲದಲ್ಲಿ ಸೊಪ್ಪು ಮುರಿಯುತ್ತೇವೆ. ಬ್ಯಾರನ್ ಹತ್ತಿರ ಕೂತು ಕಡ್ಡಿಗೆ ಕಟ್ಟುತ್ತೇವೆ. ಹೊಗೆಸೊಪ್ಪಿನಲ್ಲಿ ನಿಕೋಟಿನ್ ಎಂಬ ವಿಷ ಇದೆ. ಸೊಪ್ಪು ಮಳೆಗೋ ಇಬ್ಬನಿಗೋ ನೆಂದಿದ್ದರೆ ಆ ವಿಷ ನೀರಿಗೆ ಬರುತ್ತದೆ. ನಮ್ಮ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ಅಂದೇ ಸಂಜೆ ತಲೆ ಸುತ್ತುತ್ತದೆ. ತಲೆನೋವು, ಹೊಟ್ಟೆ ತೊಳಸುವುದು, ವಾಂತಿ, ಸುಸ್ತು ಬರುತ್ತದೆ. ಬೀಡಿ ಸೇದದವರಿಗೂ ಬರುತ್ತದೆ.

ಮಧ್ಯಾಹ್ನ ಯಾರ ಮನೆಯಲ್ಲೋ ಉಂಡಿರುತ್ತಾರೆ. ಸಂಜೆ ವಾಂತಿ ಆಗುತ್ತದೆ. "ಉಂಡ ಮನೆಯವಳೇ ಏನೋ ಹಾಕಿದಳು" ಅಂತಾರೆ. ಮದ್ದು ಇದ್ದದ್ದು ಅನ್ನದಲ್ಲಲ್ಲ, ಸೊಪ್ಪಿನಲ್ಲಿ!

ಇದಕ್ಕೆ ಉಪಾಯ ಇದೆ. ನೆಂದ ಸೊಪ್ಪು ಮುರಿಯಬೇಡಿ. ಇಬ್ಬನಿ ಆರಲಿ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಕೈಗೆ ಗವಸು ಹಾಕಿ. ನೆಂದ ಬಟ್ಟೆ ಬದಲಾಯಿಸಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈಕಾಲು ತೊಳೆಯಿರಿ. ಬಸುರಿಯರನ್ನೂ ಮಕ್ಕಳನ್ನೂ ಈ ಕೆಲಸಕ್ಕೆ ಕಳಿಸಬೇಡಿ. ಗಿಡಕ್ಕೆ ಔಷಧಿ ಹೊಡೆಯುವಾಗಲೂ ಹೀಗೇ ಎಚ್ಚರ ಬೇಕು. ಅದೂ ಚರ್ಮದಿಂದ ಒಳಗೆ ಹೋಗುತ್ತದೆ.

ಬೇರೆ ಕಾರಣಗಳನ್ನೂ ನೋಡಿ.

ಎರಡು ವಾರ ದಾಟಿದರೂ ಕೆಮ್ಮು ನಿಲ್ಲದೆ, ಸಂಜೆ ಜ್ವರ ಬಂದು, ಮೈ ಇಳಿಯುತ್ತಿದ್ದರೆ ಅದು ಕ್ಷಯ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಮಾಡುತ್ತಾರೆ. ಮಾತ್ರೆಯನ್ನೂ ದುಡ್ಡಿಲ್ಲದೆ ಕೊಡುತ್ತಾರೆ.

ಊಟ ಸೇರದೆ ಹೊಟ್ಟೆ ಉರಿಯುತ್ತಿದ್ದರೆ ಹೊಟ್ಟೆಹುಣ್ಣು ಇರಬಹುದು. ಅದು ಮಾತ್ರೆಯಲ್ಲೇ ವಾಸಿಯಾಗುತ್ತದೆ.

ತುಂಬಾ ಬಾಯಾರಿಕೆ ಆಗಿ, ಪದೇ ಪದೇ ಮೂತ್ರಕ್ಕೆ ಹೋಗಿ, ಮೈ ಸೊರಗಿದರೆ ಸಕ್ಕರೆ ಕಾಯಿಲೆ ಇರಬಹುದು.

ಹೆರಿಗೆಯಾದ ಕೆಲವೇ ದಿನಕ್ಕೆ ಬಾಣಂತಿ ನಿದ್ದೆ ಬಿಟ್ಟು, ಏನೇನೋ ಮಾತಾಡಿ, ಮಗುವನ್ನೂ ದೂರ ತಳ್ಳಿದರೆ ಅದು ಬಾಣಂತಿ ಸನ್ನಿ. ಗಾಳಿ ಸೋಕಿದ್ದಲ್ಲ. ತಡ ಮಾಡಿದರೆ ತಾಯಿಗೂ ಮಗುವಿಗೂ ಅಪಾಯ. ಬೇಗ ತೋರಿಸಿದರೆ ಪೂರ್ತಿ ಗುಣ ಆಗುತ್ತಾಳೆ.

ಬಿದ್ದು ಒದ್ದಾಡಿ ಬಾಯಲ್ಲಿ ನೊರೆ ಬಂದರೆ ಅದು ಮೂರ್ಛೆ ರೋಗ. ಅದಕ್ಕೂ ಮಾತ್ರೆ ಇದೆ.

ಕಾಡಂಚಿನ ಹಾಡಿಗಳಲ್ಲಿ ಕೆಲವು ಮಕ್ಕಳಿಗೆ ಪದೇ ಪದೇ ಕೈಕಾಲು ನೋವು, ರಕ್ತ ಇಲ್ಲದೆ ಬಿಳಚಿಕೊಳ್ಳುವುದು ಇರುತ್ತದೆ. ಇದು ಕುಡುಗೋಲು ಕಣದ ರಕ್ತಹೀನತೆ ಇರಬಹುದು. ಆಸ್ಪತ್ರೆಯಲ್ಲಿ ಸಿಕಲ್ ಸೆಲ್ ಅಂತಾರೆ. ತಾಯಿ ತಂದೆಯರ ರಕ್ತದಿಂದ ಮಗುವಿಗೆ ಬರುವ ಕಾಯಿಲೆ. ಯಾರ ಕೆಟ್ಟ ಕಣ್ಣೂ ಇದಕ್ಕೆ ಕಾರಣ ಅಲ್ಲ. ಒಂದು ಹನಿ ರಕ್ತದಿಂದ ಪರೀಕ್ಷೆ ಮಾಡಬಹುದು.

"ಯಾರಾದರೂ ನಿಜವಾಗಿಯೇ ವಿಷ ಹಾಕಿದರೆ?" ಅಂತಲೂ ಕೇಳಬಹುದು. ಆಗಲೂ ಮೊದಲು ಹೋಗಬೇಕಾದ್ದು ಆಸ್ಪತ್ರೆಗೇ. ಜೀವ ಉಳಿಸುವವರು ಡಾಕ್ಟರು. ವಿಷ ಹೌದೋ ಅಲ್ಲವೋ ಅಂತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಹಾಕಿದವರು ಯಾರು ಅಂತ ಪೊಲೀಸರು ಹುಡುಕಬೇಕು. ಊರಿನ ಜನ ಬಾಯಿಂದ ಬಾಯಿಗೆ ತೀರ್ಪು ಹೇಳುವುದಲ್ಲ.

ಮದ್ದು ತೆಗೆಯುವವರು

ಮದ್ದು ತೆಗೆಯುತ್ತೇವೆ ಅಂತ ಹೇಳುವವರೂ ಇದ್ದಾರೆ. ಏನೋ ರಸ ಕುಡಿಸುತ್ತಾರೆ. ವಾಂತಿ ಆಗುತ್ತದೆ. ವಾಂತಿಯಲ್ಲಿ ಒಂದು ಗಂಟು ತೋರಿಸಿ "ನೋಡಿ, ಇದೇ ಮದ್ದು" ಅಂತಾರೆ.

ಆ ಗಂಟು ಎಲ್ಲಿಂದ ಬಂತು? ಹಾಲು ಹೊಟ್ಟೆಗೆ ಹೋದರೆ ಅಲ್ಲಿನ ಹುಳಿಗೆ ಒಡೆದು ಗಟ್ಟಿಯಾಗುತ್ತದೆ. ಎಳೆ ಮಗು ಹಾಲು ಕಕ್ಕಿದಾಗ ನೀವೇ ನೋಡಿದ್ದೀರಿ, ಗಂಟು ಗಂಟಾಗಿ ಬರುತ್ತದೆ. ಅರಗದ ಅನ್ನ, ನಾರು ಕೂಡ ಹೀಗೇ ಬರುತ್ತದೆ. ಕೂದಲು, ದಾರ ಬಂದರೆ ಅದನ್ನು ಕೈಯಲ್ಲಿ ಅಡಗಿಸಿಟ್ಟು ತೋರಿಸುವುದು ಕಷ್ಟದ ಕೆಲಸವಲ್ಲ.

ಸೊರಗಿದ ಮೈಗೆ ಮತ್ತೆ ಮತ್ತೆ ವಾಂತಿ ಮಾಡಿಸಿದರೆ ನೀರಿನ ಅಂಶ ಹೋಗುತ್ತದೆ. ಪ್ರಾಣಕ್ಕೇ ಅಪಾಯ. ಜೊತೆಗೆ ಕಾಯಿಲೆ ಒಳಗೇ ಬೆಳೆಯುತ್ತದೆ. ಆಸ್ಪತ್ರೆಗೆ ಹೋಗಬೇಕಾದ ದಿನಗಳು ಕಳೆದುಹೋಗುತ್ತವೆ. ಹಾಕಿದವಳು ಯಾರು ಅಂತ ಅವರು ಸುಳಿವು ಕೊಟ್ಟರೆ ಊರಿನಲ್ಲಿ ಜಗಳವೂ ಹುಟ್ಟುತ್ತದೆ.

ಕಾನೂನು ಏನು ಹೇಳುತ್ತದೆ?

ಕರ್ನಾಟಕದಲ್ಲಿ ಅಮಾನವೀಯ ಪದ್ಧತಿ ಮತ್ತು ವಾಮಾಚಾರ ತಡೆಯಲು 2017ರಲ್ಲಿ ಕಾಯ್ದೆ ಆಯಿತು. 2020ರ ಜನವರಿಯಿಂದ ಜಾರಿಗೆ ಬಂತು. ಜನ ಇದನ್ನು ಮೌಢ್ಯ ನಿಷೇಧ ಕಾಯ್ದೆ ಅಂತಾರೆ.

ಈ ಕಾಯ್ದೆಯ ಪ್ರಕಾರ ವಾಮಾಚಾರ ಮಾಡುವುದು ಅಪರಾಧ. ದೆವ್ವ ಬಿಡಿಸುತ್ತೇವೆ ಅಂತ ಕಟ್ಟಿಹಾಕುವುದು, ಹೊಡೆಯುವುದು, ಬರೆ ಹಾಕುವುದು ಅಪರಾಧ. ನಾಯಿ, ಹಾವು, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅಪರಾಧ. ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಊರಾಚೆ ಇಡುವುದೂ ಅಪರಾಧ. ಶಿಕ್ಷೆ 1 ವರ್ಷದಿಂದ 7 ವರ್ಷದವರೆಗೆ ಜೈಲು. 5 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ.

ಪೂಜೆ, ಹರಕೆ, ಜಾತ್ರೆ, ಭಜನೆಗೆ ಈ ಕಾಯ್ದೆ ಅಡ್ಡಿ ಮಾಡುವುದಿಲ್ಲ. ಚುಂಚನಕಟ್ಟೆ ಜಾತ್ರೆಗೆ ಹೋಗಿ, ಮನೆದೇವರಿಗೆ ಕೈಮುಗಿಯಿರಿ. ದೇವರ ಮೇಲಿನ ಭಕ್ತಿಗೂ ನೆರೆಯವಳ ಮೇಲಿನ ಅನುಮಾನಕ್ಕೂ ಸಂಬಂಧ ಇಲ್ಲ.

ಮದ್ದು ಹಾಕಿದಳು ಅಂತ ಹೆಂಗಸನ್ನು ಹೊಡೆದರೆ, ಮಾನ ಕಳೆದರೆ, ಮನೆಯಿಂದ ಓಡಿಸಿದರೆ ಅವಳು ಪೊಲೀಸರಿಗೆ ದೂರು ಕೊಡಬಹುದು.

ನಾವು ಏನು ಮಾಡೋಣ?

ಮೊದಲನೆಯದು. ಕಾಯಿಲೆ ಬಂದವರನ್ನು ಮೊದಲ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ಆಶಾ ಕಾರ್ಯಕರ್ತೆಯನ್ನು ಕೇಳೋಣ. ತುರ್ತು ಇದ್ದರೆ 108ಕ್ಕೆ ಫೋನ್ ಮಾಡೋಣ.

ಎರಡನೆಯದು. ಮನಸ್ಸಿಗೆ ಕಷ್ಟ ಆದರೆ ಮುಚ್ಚಿಡುವುದು ಬೇಡ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಕೊಡಬೇಕಿಲ್ಲ.

ಮೂರನೆಯದು. ಹೆಂಗಸಿಗೆ ಯಾರಾದರೂ ಹಿಂಸೆ ಕೊಟ್ಟರೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಹೇಳೋಣ. ದುಡ್ಡಿಲ್ಲದೆ ಕಾನೂನಿನ ನೆರವು ಬೇಕಾದರೆ 15100 ಇದೆ. ಈ ನಂಬರುಗಳನ್ನು ಗೋಡೆ ಮೇಲೆ ಬರೆದಿಡಿ. ಈಗ ನಿಮಗೆ ಬರೆಯಲು ಬರುತ್ತದೆ.

ನಾಲ್ಕನೆಯದು. "ಅವಳು ಮದ್ದು ಹಾಕ್ತಾಳಂತೆ" ಅಂತ ಯಾರಾದರೂ ಅಂದರೆ ಒಂದೇ ಪ್ರಶ್ನೆ ಕೇಳೋಣ. "ನೀನು ಕಂಡ್ಯಾ ಅಕ್ಕ?" ಜಗಳ ಬೇಡ. ಮೆತ್ತಗೆ ಕೇಳಿದರೆ ಸಾಕು. ಮಾತು ಅಲ್ಲೇ ನಿಲ್ಲುತ್ತದೆ.

ಐದನೆಯದು ಎಲ್ಲಕ್ಕಿಂತ ದೊಡ್ಡದು. ಊರು ದೂರ ಇಟ್ಟ ಹೆಂಗಸಿನ ಮನೆಗೆ ನಾಲ್ಕು ಜನ ಸೇರಿ ಹೋಗೋಣ. ಸಂಘದ ಸಭೆಯನ್ನು ಅವಳ ಜಗಲಿಯಲ್ಲೇ ಮಾಡೋಣ. ಅವಳು ಕೊಟ್ಟ ಕಾಫಿ ಕುಡಿಯೋಣ. ಎಲ್ಲರ ಎದುರು ಕುಡಿಯೋಣ. ನೂರು ಭಾಷಣಕ್ಕಿಂತ ಆ ಒಂದು ಲೋಟ ಕಾಫಿ ದೊಡ್ಡದು.

ಮಾತಾಡೋಣ

1. ನಿಮ್ಮ ಊರಿನಲ್ಲಿ ಇಂಥ ಮಾತು ಯಾರ ಮೇಲೆ ಬೀಳುತ್ತದೆ? ಹೆಸರು ಹೇಳಬೇಡಿ. ಅವರು ಬಡವರೋ, ಒಂಟಿಯೋ ಅಷ್ಟೇ ಹೇಳಿ.
2. ಆನ್ನಾ ಗೋಲ್ಡಿಯ ಮೇಲೆ ಏನು ಆರೋಪ ಬಂತು? ನಮ್ಮ ಕಡೆಯ ಮಾತಿಗೂ ಅದಕ್ಕೂ ಏನು ಹೋಲಿಕೆ?
3. ಬೀರುಬಾಲಾ ಅವರಿಗೆ ಅನುಮಾನ ಬಂದದ್ದು ಯಾವಾಗ?
4. ನೆಂದ ಹೊಗೆಸೊಪ್ಪು ಮುರಿದರೆ ಏನಾಗುತ್ತದೆ? ತಡೆಯುವುದು ಹೇಗೆ?

ಹೊಸ ಪದಗಳು

ವಾಮಾಚಾರ – ಮಾಟ, ಮಂತ್ರದ ಕೆಟ್ಟ ಕೆಲಸ
ಮೌಢ್ಯ – ಯೋಚನೆ ಮಾಡದೆ ನಂಬುವುದು
ಆರೋಪ – ತಪ್ಪು ಮಾಡಿದ್ದಾರೆ ಅಂತ ಹೇಳುವುದು
ಪ್ರಮಾಣಿಸು – ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡು
ಅಮಾನವೀಯ – ಮನುಷ್ಯರು ಮಾಡಬಾರದ್ದು

ಈ ವಾಕ್ಯವನ್ನು ಮೂರು ಸಲ ಬರೆಯಿರಿ: ಕಾಣದೆ ಯಾರ ಮೇಲೂ ಮಾತು ಹೊರಿಸುವುದಿಲ್ಲ.